ಚೌಡಿಯ ಕಲ್ಲಿನಡಿ ಅಗೆಯದ ದಿನ

ನಿವೃತ್ತಿಯಾದ ದಿನವೇ ಮನೆಯಲ್ಲಿ ಹೇಳಿಬಿಟ್ಟಿದ್ದೆ, ಇನ್ನು ಮೇಲೆ ಯಾರಾದರೂ ಬೇಲಿ, ಗಡಿ, ಒತ್ತುವರಿ ಅಂತ ಬಂದರೆ ನಾನು ಮಲಗಿದ್ದೇನೆ ಎಂದು ಹೇಳಿ ಕಳಿಸಿಬಿಡು ಎಂದು. ಮೂವತ್ತಕ್ಕೂ ಹೆಚ್ಚು ವರ್ಷ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕುಗಳ ಗುಡ್ಡ ಹತ್ತಿ ಇಳಿದು ಜನರ ನೆಲ ಅಳೆದವನು ನಾನು. ಮಂಡಿ ಎರಡೂ ಹೋಗಿವೆ. ಅಣ್ಣ ತಮ್ಮಂದಿರು ಒಂದು ಮೊಳ ಜಾಗಕ್ಕೆ ಕತ್ತಿ ಹಿಡಿದು ನಿಂತದ್ದನ್ನು ನೋಡಿ ನೋಡಿ ಮನಸ್ಸೂ ಸವೆದಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಎಡಗೈಯಲ್ಲಿ ಮೊಬೈಲ್ ತೆಗೆದು ತಮ್ಮ ಸರ್ವೆ ನಂಬರಿನ ನಕ್ಷೆ ತೋರಿಸುತ್ತಾರೆ. ಎಲೆಗೆ ಪಾಯಸ ಬೀಳುವ ಹೊತ್ತಿನಲ್ಲಿ ಬಾಂದು ಕಲ್ಲಿನ ಮಾತು ಯಾರಿಗೆ ಬೇಕು ಮಾರಾಯ್ರೆ.

ಆದರೂ ಆ ಹೆಂಗಸು ಬಂದ ದಿನ ಮಲಗಿದ್ದೇನೆ ಎಂದು ಹೇಳಿಸುವ ಹಾಗಿರಲಿಲ್ಲ. ಎದುರಿಗೇ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಆಕೆಗೆ ಅರವತ್ತರ ಆಸುಪಾಸು. ಹಿರೇಕೊಡಿಗೆಯಿಂದಲೂ ಆಚೆ, ನಮ್ಮ ಜಿಲ್ಲೆ ಮುಗಿಯುವ ಗುಡ್ಡದ ಇಳಿಜಾರಿನಲ್ಲಿ ಮನೆ ಎಂದರು. ಊರಿನ ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಬೇಯಿಸುವ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗಳನ್ನು ಭಂಡಿಗಡಿಗೆ ಕೊಟ್ಟಿದೆ. ಇಷ್ಟನ್ನು ನಿಂತುಕೊಂಡೇ ಹೇಳಿ, ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು.

"ಇದು ನಿಮ್ಮ ಕೈಬರಹ ಹೌದಾ ನೋಡಿ."

ಜೆರಾಕ್ಸ್ ಮಾಡಿದ ಹಳೆಯ ಟಿಪ್ಪಣಿ ಪುಸ್ತಕದ ಹಾಳೆ. ಸರ್ವೆಯವರು ಸ್ಥಳದಲ್ಲೇ ಕೂತು ಅಳತೆ ಬರೆದುಕೊಳ್ಳುವ ಪುಸ್ತಕ ಅದು. ಅಕ್ಷರ ನನ್ನದೇ. ಆ ಕಾಲದಲ್ಲಿ ನನ್ನ ಅಕ್ಷರ ಬಹಳ ಚೆನ್ನಾಗಿತ್ತು, ಮೇಲಿನವರು ಹೊಗಳುತ್ತಿದ್ದರು. "ಜಿಲ್ಲಾ ಗಡಿಯ ಬಾಂದು ಕಲ್ಲು ಸ್ಥಳದಲ್ಲಿದೆ. ಅಗೆದು ನೋಡಲಾಗಿ ಅಡಿಯಲ್ಲಿ ಇದ್ದಿಲು ಕಂಡುಬಂದಿದೆ." ಕೆಳಗೆ ನನ್ನ ಸಹಿ. ಓದುತ್ತಿದ್ದಂತೆ ನನ್ನ ಕೈ ಮಂಡಿಯ ಮೇಲೆ ಹಾಗೇ ನಿಂತುಹೋಯಿತು.

ಈ ಇದ್ದಿಲಿನ ವಿಷಯ ಹೇಳಬೇಕು. ಹಿಂದಿನವರು ಗಡಿಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಒಂದೆರಡು ಬೊಗಸೆ ಇದ್ದಿಲು ಸುರಿದು, ಅದರ ಮೇಲೆ ಕಲ್ಲು ನಿಲ್ಲಿಸುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಅದನ್ನು ಮುಟ್ಟುವುದಿಲ್ಲ. ಯಾರಾದರೂ ಕಲ್ಲು ಕಿತ್ತು ಬೇರೆ ಕಡೆ ನೆಟ್ಟರೆ, ಕಲ್ಲು ಹೋಗುತ್ತದೆಯೇ ಹೊರತು ಇದ್ದಿಲು ಹೋಗುವುದಿಲ್ಲ. ಅದಕ್ಕೇ ಹಳೆಯ ಗಡಿ ಗುರುತಿಸುವ ಮೊದಲು ಕಲ್ಲಿನ ಬುಡ ಅಗೆದು ನೋಡಬೇಕು. ಸರ್ವೆಗೆ ಸೇರಿದ ಮೊದಲ ತಿಂಗಳಲ್ಲೇ ಇದನ್ನು ಕಲಿಸುತ್ತಿದ್ದರು.

"ಮನೆ ಜಾಗಕ್ಕೆ ಹಕ್ಕುಪತ್ರ ಕೊಡ್ತಾರೆ ಅಂತ ಅರ್ಜಿ ಹಾಕಿದ್ದೆ" ಎಂದರು ಆಕೆ. "ಸುತ್ತಮುತ್ತ ಎಲ್ಲರಿಗೂ ಸಿಕ್ತು. ನಂದು ವಾಪಸ್ ಬಂತು. ನನ್ನ ಮನೆ ಆಚೆ ಜಿಲ್ಲೆಗೆ ಹೋಗಿದೆಯಂತೆ, ಅದೂ ಅವರ ಕಾಡೊಳಗೆ. ಮನೆ ಎಲ್ಲೂ ಹೋಗಿಲ್ಲ ಮಾರಾಯ್ರೆ, ಇದ್ದಲ್ಲೇ ಇದೆ."

ಸಮಸ್ಯೆ ನನಗೆ ಆ ಕ್ಷಣವೇ ಅರ್ಥವಾಯಿತು. ಗೆರೆಯ ಈಚೆ ನಮ್ಮ ಜಿಲ್ಲೆಯ ಕಂದಾಯ ಭೂಮಿ, ಅಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಹಕ್ಕುಪತ್ರ ಸಿಗುತ್ತದೆ. ಗೆರೆಯ ಆಚೆ ಪಕ್ಕದ ಜಿಲ್ಲೆಯ ಮೀಸಲು ಅರಣ್ಯ. ಅಲ್ಲಿದ್ದರೆ ಹಕ್ಕುಪತ್ರ ಹಾಳಾಗಲಿ, ಮನೆಯನ್ನೇ ಬಿಡಬೇಕಾಗುತ್ತದೆ. ಬಿಡಿ ಎನ್ನುವ ಮೊದಲ ನೋಟಿಸು ಆಗಲೇ ಬಂದಿತ್ತು, ಅದೂ ಆ ಕವರಿನಲ್ಲೇ ಇತ್ತು. ರೇಷನ್ ಕಾರ್ಡು, ವೋಟು, ಕರೆಂಟ್ ಬಿಲ್ಲು ಎಲ್ಲಾ ಈಚೆಯದು. ನೆಲ ಮಾತ್ರ ಆಚೆಯದು. ಮತ್ತು ಅದನ್ನು ಆಚೆಗೆ ಹಾಕಿದ ಗೆರೆ ನಾನು ಎಳೆದದ್ದು.

"ಆ ಕಲ್ಲು ನಮ್ಮ ಚೌಡಿ" ಎಂದರು ಆಕೆ. "ಮೊದಲು ಗುಡ್ಡದ ನೆತ್ತಿ ಮೇಲಿತ್ತು. ಮಳೆಗಾಲದಲ್ಲಿ ದೀಪ ಹಚ್ಚಕ್ಕೆ ಅಲ್ಲಿಗೆ ಹತ್ತಕ್ಕಾಗಲ್ಲ ಅಂತ ನಮ್ಮತ್ತೆ ಅದನ್ನ ಮನೆ ಕೆಳಗಿನ ಹಲಸಿನ ಮರದ ಬುಡಕ್ಕೆ ತಂದಿದ್ದು. ನೀವು ಆ ಕಲ್ಲೇ ಗಡಿ ಅಂತ ಬರ್ದಿದ್ದೀರಿ. ಅಡೀಲಿ ಇದ್ದಿಲು ಎಲ್ಲಿಂದ ಬಂತು ಅಂತ ಕೇಳಿ ಹೋಗಾಣ ಅಂತ ಬಂದೆ."

ಜಗಳಕ್ಕೆ ಬಂದವರ ದನಿಯಲ್ಲ ಅದು. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ದನಿ. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು.

ಇದ್ದಿಲು ಇರಲಿಲ್ಲ. ಇತ್ತೋ ಇಲ್ಲವೋ ನಾನು ನೋಡಿರಲೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತು, ಬೇಸಿಗೆಯ ಕೊನೆ, ಗುಡುಗು ಶುರುವಾಗಿತ್ತು, ಮಳೆ ಹಿಡಿಯುವ ಮೊದಲು ಆ ಅಂಚಿನ ಕೆಲಸ ಮುಗಿಸಬೇಕಿತ್ತು. ನನ್ನ ಜೊತೆ ಇದ್ದದ್ದು ಸರಪಳಿ ಹಿಡಿಯುವ ಚೈನ್‌ಮ್ಯಾನ್, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಮಹಜರಿಗೆ ಸಹಿ ಹಾಕಲು ಕೆಳಗಿನ ಊರಿನಿಂದ ಕರೆತಂದ ನಾಲ್ವರು ಗಂಡಸರೂ ಇದ್ದರು. ಹಲಸಿನ ಮರದ ಬುಡದಲ್ಲಿ ಕಲ್ಲು ನಿಂತಿತ್ತು. ನೆತ್ತಿಯ ಮೇಲೆ ಸರ್ವೆಯವರು ಕೊರೆಯುವ ಗುರುತಿತ್ತು, ಗಡಿಕಲ್ಲೇ ಸಂಶಯವಿಲ್ಲ. ಆದರೆ ಮೈತುಂಬ ಅರಿಶಿನ, ಕುಂಕುಮ, ಮೇಲೆ ಎರಡು ಕೆಂಪು ದಾಸವಾಳ. ಹಾರೆ ಹಿಡಿದಿದ್ದ ಚೈನ್‌ಮ್ಯಾನ್ ಅದನ್ನು ನೆಲಕ್ಕಿಟ್ಟು ಚಪ್ಪಲಿ ಬಿಟ್ಟ.

"ಚೌಡಿ ಬುಡಕ್ಕೆ ನಾನು ಹಾರೆ ಹಾಕದಿಲ್ಲ ಸ್ವಾಮಿ" ಎಂದ. "ನಿಮ್ಮನೇಲೂ ಬಸುರಿ ಇದಾರೆ. ನೋಡ್ಕಳಿ."

ನನ್ನ ಹೆಂಡತಿಗೆ ಆಗ ಏಳು ತಿಂಗಳು. ಓದಿದವನು, ಸರ್ಕಾರಿ ನೌಕರ, ಎಲ್ಲಾ ಹೌದು. ಆದರೆ ಚೌಡಿಯ ಬುಡ ಅಗೆದ ಮನೆಯಲ್ಲಿ ಏನಾಯಿತು ಎಂಬ ಕಥೆಗಳನ್ನು ಕೇಳಿಕೊಂಡೇ ಬೆಳೆದವನು ನಾನು. ನಮ್ಮ ಕಡೆ ಶಿವನನ್ನು ಬಿಟ್ಟು ಬೇರೆ ದೇವರಿಲ್ಲ ಎನ್ನುವವರೂ ಚೌಡಿಯ ಮುಂದೆ ಹಾದುಹೋಗುವಾಗ ಬೀಡಿ ಆರಿಸುತ್ತಾರೆ. ನಾನೂ ಚಪ್ಪಲಿ ಬಿಟ್ಟೆ, ಕೈ ಮುಗಿದೆ, ಹಾರೆ ಮುಟ್ಟಲಿಲ್ಲ. ಆಮೇಲೆ ಟಿಪ್ಪಣಿ ಪುಸ್ತಕ ತೆರೆದು ಆ ಚಂದದ ಅಕ್ಷರದಲ್ಲಿ ಸುಳ್ಳು ಬರೆದೆ. ಅಗೆದಿಲ್ಲ ಎಂದು ಬರೆದಿದ್ದರೆ ಮತ್ತೊಮ್ಮೆ ಬರಬೇಕಿತ್ತು. ಮತ್ತೊಮ್ಮೆ ಬರಲು ನನಗೆ ಮನಸ್ಸಿರಲಿಲ್ಲ.

ಹಳೆಯ ನಕ್ಷೆಯ ಅಳತೆಗೂ ಆ ಕಲ್ಲಿಗೂ ತಾಳೆ ಬಂದಿರಲಿಲ್ಲ ಎಂಬುದೂ ನಿಜ. ಅದಕ್ಕೆ ನಾನು ಹಳೆಯ ನಕ್ಷೆಯನ್ನೇ ದೂರಿದೆ. ದೂರುವುದು ಸುಲಭವಿತ್ತು, ಏಕೆಂದರೆ ನಮ್ಮ ಜಿಲ್ಲೆಯ ನಕ್ಷೆಗಳಷ್ಟು ಹೆಸರು ಬದಲಿಸಿಕೊಂಡ ಕಾಗದ ಇನ್ನೊಂದಿಲ್ಲ. ಈಗ ಚಿಕ್ಕಮಗಳೂರು ಎನ್ನುವ ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂದು ಹೆಸರು. ಜಿಲ್ಲೆಯ ಹೆಸರು ಒಂದೂರಿನದು, ದೊಡ್ಡ ಕಚೇರಿ ಇನ್ನೊಂದೂರಿನಲ್ಲಿ. ನಾನಿರುವ ನರಸಿಂಹರಾಜಪುರ ಆಗ ಎಡೇಹಳ್ಳಿ, ಕೊಪ್ಪದ ಕೈಕೆಳಗಿನ ಉಪ ತಾಲ್ಲೂಕು. ಶೃಂಗೇರಿಯದು ಜಹಗೀರು, ಅದರ ಲೆಕ್ಕವೇ ಬೇರೆ. ಈ ಮಧ್ಯೆ ಭದ್ರಾ ಅಣೆಕಟ್ಟಿನ ಹಿನ್ನೀರು ನಿಂತು ನಮ್ಮ ತಾಲ್ಲೂಕಿನ ಒಂದು ಅಂಚನ್ನೇ ಮುಳುಗಿಸಿತು. ಅಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಗಡಿಕಲ್ಲುಗಳು ತಲೆ ಎತ್ತುವುದನ್ನು ನಾನೇ ನೋಡಿದ್ದೇನೆ. ಸುತ್ತ ಊರಿಲ್ಲ, ಕಲ್ಲು ಮಾತ್ರ ಇವೆ.

ಹೆಸರು ಬದಲಾದಾಗಲೆಲ್ಲ ನಕ್ಷೆ ಮತ್ತೆ ಬರೆಯುತ್ತಾರೆ. ಮತ್ತೆ ಬರೆಯುವವನು ಮನುಷ್ಯ, ಅವನಿಗೂ ಕತ್ತು ನೋಯುತ್ತದೆ, ಗೆರೆ ಒಂದು ಕೂದಲೆಳೆಯಷ್ಟು ಸರಿಯುತ್ತದೆ. ನಕ್ಷೆಯ ಮೇಲಿನ ಕೂದಲೆಳೆ ಎಂದರೆ ನೆಲದ ಮೇಲೆ ಒಂದು ಮನೆ, ಒಂದು ಬಾವಿ. ದೊಡ್ಡ ರಾಜರು, ದೊಡ್ಡ ಅಧಿಕಾರಿಗಳು ಕೂತು ಗಡಿ ಬದಲಿಸಿದರು ಎಂದು ಮಕ್ಕಳಿಗೆ ಪಾಠ ಮಾಡುತ್ತಾರೆ. ಅರ್ಧ ಗಡಿಗಳನ್ನು ಬದಲಿಸಿದ್ದು ಸುಸ್ತಾದ ಗುಮಾಸ್ತರು ಮತ್ತು ನನ್ನಂಥ ಹೆದರುಪುಕ್ಕ ಸರ್ವೆಯರುಗಳು. ಇದನ್ನು ಹೇಳಲು ನನಗೀಗ ನಾಚಿಕೆಯೂ ಆಗುವುದಿಲ್ಲ, ಅಷ್ಟು ದಣಿದಿದ್ದೇನೆ.

ಆಕೆಗೆ ನಿಜ ಹೇಳಿದೆ. "ನಾನು ಅಗೆದು ನೋಡಲಿಲ್ಲಮ್ಮ. ನೋಡಿದೆ ಅಂತ ಬರೆದೆ" ಎಂದೆ.

ಆಕೆ ಬೈಯಲಿಲ್ಲ. ಹಾಳೆಯನ್ನು ಮಡಚಿ ಕವರಿಗೆ ಹಾಕಿದರು. "ಹಾಗಾದ್ರೆ ಅದನ್ನೇ ಕಚೇರಿಗೆ ಬಂದು ಹೇಳ್ತೀರಾ?" ಎಂದು ಕೇಳಿದರು. ಹೇಳುತ್ತೇನೆ ಎಂದೆ. ಆಕೆ ಹೋದ ಮೇಲೆ ನನ್ನ ಹೆಂಡತಿ ಒಳಗಿನಿಂದ ಬಂದು, "ಈ ವಯಸ್ಸಲ್ಲಿ ಇದೆಂತಕ್ಕೆ ಬೇಕಿತ್ತು ನಿಮಗೆ? ಪೆನ್ಶನ್ನಿಗೆ ಎಂತಾದ್ರೂ ತೊಂದರೆ ಆದ್ರೆ?" ಎಂದಳು. ಆದರೆ ಆಗಲಿ ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ವಾದಿಸಲು ಶಕ್ತಿ ಇರಲಿಲ್ಲ.

ಆಕೆ ತಕರಾರು ಅರ್ಜಿ ಹಾಕಿದರು. ಎರಡೂ ಜಿಲ್ಲೆಗಳ ಜಂಟಿ ಸರ್ವೆಗೆ ದಿನ ಗೊತ್ತಾಗಲು ತಿಂಗಳುಗಳೇ ಹಿಡಿದವು. ಈಚೆ ಜಿಲ್ಲೆಯಿಂದ ಸರ್ವೆಯ ಹೊಸ ಹುಡುಗಿಯೊಬ್ಬಳು ಬಂದಿದ್ದಳು. ಕೋಲಿನ ತುದಿಗೆ ತಟ್ಟೆಯಂಥದ್ದು ಸಿಕ್ಕಿಸಿದ ರೋವರ್ ಯಂತ್ರ ಅವಳ ಕೈಯಲ್ಲಿತ್ತು. ಉಪಗ್ರಹದಿಂದ ಅಳತೆ ತೆಗೆದುಕೊಳ್ಳುತ್ತದಂತೆ, ಸರಪಳಿ ಎಳೆಯುವ ಕಷ್ಟವಿಲ್ಲ. ಆಚೆ ಜಿಲ್ಲೆಯ ಕಡೆಯಿಂದ ಅರಣ್ಯದ ನೌಕರರೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ನನ್ನ ಕೈ ಹಿಡಿದು ಇಳಿಜಾರು ಹತ್ತಿಸಿದರು.

ಚೌಡಿಯ ಮುಂದೆ ಎಲ್ಲರೂ ಚಪ್ಪಲಿ ಬಿಟ್ಟೆವು. ರೋವರಿನ ಹುಡುಗಿಯೂ ಬೂಟು ಬಿಚ್ಚಿದಳು. ಮನೆಯಾಕೆಯೇ ಮುಂದೆ ಬಂದು ಹೂವು ತೆಗೆದರು, ದೀಪ ಹಚ್ಚಿದರು, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಗೀರಿ, ನಾನು ಕೇಳಾಗಿದೆ" ಎಂದರು. ಇಷ್ಟೇ ಸಾಕಿತ್ತು. ಅವತ್ತು ಪೂಜೆ ಮಾಡುವವರನ್ನು ಕರೆಸಿ ಒಂದು ಮಾತು ಕೇಳಿಸಿದ್ದರೆ ಚೈನ್‌ಮ್ಯಾನೂ ಹಾರೆ ಹಿಡಿಯುತ್ತಿದ್ದ. ನನಗೆ ಅದು ಹೊಳೆದೇ ಇರಲಿಲ್ಲ.

ಮೊಳಕಾಲುದ್ದ ಅಗೆದರು. ಕೆಂಪು ಮಣ್ಣು, ಹಲಸಿನ ಬೇರು. ಇದ್ದಿಲಿನ ಒಂದು ಚೂರೂ ಇರಲಿಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ, ನನ್ನ ಸುಳ್ಳು ಹೊರಬಿದ್ದದ್ದಕ್ಕೆ ನಾನೇ ನಕ್ಕೆ. ಕಲ್ಲು ಇಲ್ಲಿಯದಲ್ಲ ಎಂದು ಗೊತ್ತಾಯಿತು. ಇನ್ನು ಅದರ ಮೊದಲಿನ ಜಾಗ ಸಿಕ್ಕರೆ ಮನೆ ಉಳಿಯುತ್ತದೆ.

ಆಕೆ ಮುಂದೆ, ನಾವು ಹಿಂದೆ. ಗುಡ್ಡದ ನೆತ್ತಿಗೆ ಹತ್ತಿದೆವು. ನಾನು ನಾಲ್ಕು ಕಡೆ ಕೂತು ಸುಧಾರಿಸಿಕೊಂಡೆ. ಮೇಲೆ ಹೋಗಿ ಆಕೆ ಅತ್ತಿತ್ತ ಹುಡುಕಲಿಲ್ಲ. ನೇರವಾಗಿ ಒಂದು ಕಡೆ ಹೋಗಿ, ಕಾಲಿನಿಂದ ಒಣ ಎಲೆ ಸರಿಸಿ, "ಇಲ್ಲಿ" ಎಂದರು. ಅತ್ತೆ ತೋರಿಸಿರಬೇಕು ಎಂದುಕೊಂಡೆ. ರೋವರಿನ ಹುಡುಗಿ ಯಂತ್ರ ನಿಲ್ಲಿಸಿ ನೋಡಿ, ಹಳೆಯ ನಕ್ಷೆಗೆ ಇದು ಬಹಳ ಹತ್ತಿರ ಬರುತ್ತದೆ ಎಂದಳು. ಅಗೆದರು. ಒಂದು ಗೇಣು ಕೆಳಗೆ ಕರಿ ಚೂರು ಬಂತು, ಇನ್ನೊಂದು ಬಂತು, ಆಮೇಲೆ ಬೊಗಸೆ ತುಂಬ ಬಂತು. ಇದ್ದಿಲು. ಆಕೆ ಅದನ್ನು ಕೈಯಲ್ಲಿ ತೆಗೆದುಕೊಂಡು ನನಗೆ ತೋರಿಸಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅರಣ್ಯದ ನೌಕರರು ಮಾತ್ರ ನಗಲಿಲ್ಲ. ಹಾರೆ ತೆಗೆದುಕೊಂಡು ಹತ್ತು ಹೆಜ್ಜೆ ಆಚೆ ಹೋಗಿ ತಾವೇ ಅಗೆದರು. ಅಲ್ಲೂ ಇದ್ದಿಲು ಬಂತು. ಇನ್ನೊಂದು ಕಡೆ ಅಗೆದರು, ಅಲ್ಲೂ ಬಂತು.

"ಈ ನೆತ್ತಿಗೆ ಎಷ್ಟು ಸಲ ಬೆಂಕಿ ಬಿದ್ದಿದೆ ಅಂತ ನಿಮಗೆ ಗೊತ್ತಿಲ್ಲ ಸಾರ್" ಎಂದರು ಬೇಸರದಿಂದಲೇ. "ಸುಟ್ಟ ಕಾಡು ಇದು. ಎಲ್ಲಿ ಅಗೆದರೂ ಇದ್ದಿಲು ಬರತ್ತೆ. ನಾನು ಇದನ್ನ ಗಡಿ ಅಂತ ಬರೆಯಕ್ಕಾಗಲ್ಲ. ನೀವೇ ಹೇಳಿ, ಬರೆಯಕ್ಕಾಗತ್ತಾ?"

ಬರೆಯಲಾಗುವುದಿಲ್ಲ. ಸರ್ವೆಯವನಾಗಿ ನನಗೆ ಅದು ಗೊತ್ತಿತ್ತು. ಯಂತ್ರ "ಹತ್ತಿರ" ಎನ್ನುತ್ತದೆ, ಆದರೆ ಹಳೆಯ ನಕ್ಷೆಯೇ ಅಷ್ಟು ಸಲ ಕೈ ಬದಲಾಗಿ ಬಂದದ್ದು, ಅದರ ಹತ್ತಿರ ಎಂದರೆ ಯಾವುದಕ್ಕೆ ಹತ್ತಿರ? ಆಕೆ ಕೈಯಲ್ಲಿದ್ದ ಇದ್ದಿಲನ್ನು ಗುಂಡಿಗೆ ಹಾಕಿ ಕೈ ಒರೆಸಿಕೊಂಡರು. ಉಳಿದದ್ದು ನನ್ನ ಮಾತೊಂದೇ.

ವಿಚಾರಣೆಯ ದಿನ ನನ್ನ ಹೇಳಿಕೆಯನ್ನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ಎರಡೂ ಜಿಲ್ಲೆಗಳ ಅಧಿಕಾರಿಗಳು ಕೂತಿದ್ದರು, ನಡುವೆ ಕೂತವರು ಕನ್ನಡಕ ಹಣೆಗೇರಿಸಿ ಓದಿದರು. ಯಾರ ಹೆಸರನ್ನೂ ಹೇಳುವುದಿಲ್ಲ, ಅವರದೇನೂ ತಪ್ಪಿಲ್ಲ. ಮೊದಲು ಆಕೆಯನ್ನು ಕೇಳಿದರು, ಕಲ್ಲು ಜಾಗ ಬದಲಾದದ್ದಕ್ಕೆ ಬರವಣಿಗೆಯಲ್ಲಿ ಏನಾದರೂ ದಾಖಲೆ ಇದೆಯೇ ಎಂದು. ಇಲ್ಲ ಎಂದರು. ಸರಿ, ಕೂತುಕೊಳ್ಳಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ಅಗೆಯದೆ ಅಗೆದೆ ಅಂತ ಬರೆದಿರಿ. ಇವತ್ತು ಸುಳ್ಳು ಬರೆದಿದ್ದೆ ಅಂತ ಹೇಳ್ತಿದ್ದೀರಿ. ಎರಡಕ್ಕೂ ನಿಮ್ಮದೇ ಸಹಿ. ಯಾವುದನ್ನ ನಂಬಲಿ?"

ಇವತ್ತಿನದು ನಿಜ ಎಂದೆ. ಅವರು ತಲೆ ಆಡಿಸಿದರು, ಕನಿಕರದಿಂದಲೇ. ಮರದಡಿ ಇದ್ದಿಲು ಸಿಗದಿದ್ದರೂ ಕಲ್ಲಿನ ಮೊದಲ ಜಾಗ ಯಾವುದೆಂದು ಸಾಬೀತಾಗಿಲ್ಲ, ಅವತ್ತಿನ ಕಾಗದಕ್ಕೆ ನಾಲ್ವರ ಸಹಿ ಇದೆ, ಆಮೇಲಿನ ಎಲ್ಲಾ ಸರ್ವೆಗಳೂ ಅದನ್ನೇ ಒಪ್ಪಿವೆ, ಒಬ್ಬ ನಿವೃತ್ತ ನೌಕರನ ಮಾತಿಗೆ ಎರಡು ಜಿಲ್ಲೆಗಳ ಗಡಿ ಸರಿಸಲಾಗುವುದಿಲ್ಲ ಎಂದರು. ಪೆನ್ಶನ್ ಹೋಗುತ್ತದೆ, ಕೇಸು ಹಾಕುತ್ತಾರೆ ಎಂದೆಲ್ಲ ಹೆದರಿ ಹೋಗಿದ್ದೆ. ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಶಿಕ್ಷೆ ಕೊಟ್ಟಿದ್ದರೆ ನನ್ನ ಮಾತನ್ನು ನಂಬಿದ ಹಾಗಾಗುತ್ತಿತ್ತು.

ಗೆರೆ ಇದ್ದಲ್ಲೇ ಉಳಿಯಿತು. ಚೌಡಿಯ ಕಲ್ಲನ್ನು ಎರಡೂ ಜಿಲ್ಲೆಯವರು ಸೇರಿ ಮತ್ತೆ ಭದ್ರವಾಗಿ ನಿಲ್ಲಿಸಿದರು, ಈ ಸಲ ಬುಡಕ್ಕೆ ಕಾಂಕ್ರೀಟು ಹಾಕಿ. ಪಂಚಾಯಿತಿಯವರು ರಸ್ತೆಯ ಬದಿ ಆಕೆಗೊಂದು ನಿವೇಶನ ತೋರಿಸಿದರು. ಆಚೆ ಕಡೆಯವರು ಮೂರು ತಿಂಗಳ ವಾಯಿದೆ ಕೊಟ್ಟರು. ಆಕೆ ಕೊನೆಯ ದಿನದವರೆಗೆ ಕಾಯಲಿಲ್ಲ. ಹಂಚು ಇಳಿಸುತ್ತಿದ್ದೇವೆ, ಬೇಕಾದರೆ ಬನ್ನಿ ಎಂದು ಫೋನ್ ಮಾಡಿದರು. ಯಾಕೆ ಕರೆದರು ಎಂದು ನನಗೆ ಗೊತ್ತಾಗಲಿಲ್ಲ. ಹೋಗದಿರಲು ಮುಖವೂ ಇರಲಿಲ್ಲ. ಎರಡು ಬಸ್ಸು ಬದಲಿಸಿ, ಕೊನೆಗೊಂದು ಆಟೋ ಹಿಡಿದು ಹೋದೆ.

ಅಳಿಯ ಮಾಡಿನ ಮೇಲೆ ಕೂತು ಹಂಚು ಕೆಳಗೆ ಕೊಡುತ್ತಿದ್ದ. ಮಗಳು ಅವನ್ನು ಸಾಲಾಗಿ ಜೋಡಿಸುತ್ತಿದ್ದಳು. ನಾನೂ ಒಂದೆರಡು ಹಂಚು ಹಿಡಿಯಲು ಹೋದೆ. "ನೀವು ಕೂತ್ಕಳಿ ಮಾರಾಯ್ರೆ, ಮಂಡಿ ನೋವು ಮಾಡ್ಕಂಡು ಆಮೇಲೆ ಯಾರು ನೋಡದು" ಎಂದು ಆಕೆ ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೊಟ್ಟು, ಎದುರಿಗೆ ಕಂಬಕ್ಕೆ ಒರಗಿ ನಿಂತರು. ಕ್ಷಮಿಸಿ ಎಂದು ನಾನು ಅಷ್ಟು ದಿನದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಈಗ ಹೇಳಿದೆ. ನಿಮ್ಮ ಮನೆ ತೆಗೆದವನು ನಾನು ಎಂದೆ.

ಆಕೆ ಜಗಲಿಯ ಮೇಲೆ ಬಿದ್ದಿದ್ದ ಹಂಚಿನ ಚೂರೊಂದನ್ನು ಕಾಲಿನಿಂದ ಬದಿಗೆ ಸರಿಸಿದರು.

"ಅವತ್ತೂ ನೀವು ಇಲ್ಲೇ ಕೂತಿದ್ರಿ" ಎಂದರು. "ಮಜ್ಜಿಗೆ ಕುಡಿದ್ರಿ. ತಂದು ಕೊಟ್ಟಿದ್ದು ನಾನೇ. ನಿಮಗೆ ನೆನಪಿಲ್ಲ ಅಂತ ಕಾಣತ್ತೆ."

ನೆನಪಿರಲಿಲ್ಲ. ಹಲಸಿನ ಮರ ನೆನಪಿತ್ತು, ದಾಸವಾಳ ನೆನಪಿತ್ತು, ಗುಡುಗು ನೆನಪಿತ್ತು.

"ನಾನು ಮದುವೆಯಾಗಿ ಬಂದ ವರ್ಷ ಅದು. ಅತ್ತೆ ತವರಿಗೆ ಹೋಗಿದ್ರು, ಇವರು ಕೆಲಸಕ್ಕೆ ಹೋಗಿದ್ರು. ಅದಕ್ಕೆ ಒಂದು ತಿಂಗಳು ಮೊದಲು ಚೌಡಿ ಕಲ್ಲನ್ನ ಮೇಲಿಂದ ಇಳಿಸಿ ತಂದಿದ್ದು ನಾನು, ಅತ್ತೆ ಇಬ್ಬರೇ. ಕಲ್ಲಿಗೆ ಹಗ್ಗ ಕಟ್ಟಿ ಎಳೆದಿದ್ವಿ."

"ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲಮ್ಮ?" ಎಂದೆ.

"ನೀವು ಕೇಳ್ಲಿಲ್ಲ" ಎಂದರು ಆಕೆ. "ಮನೇಲಿ ಗಂಡಸರು ಯಾರೂ ಇಲ್ವಾ ಅಂತ ಕೇಳಿದ್ರಿ. ಇಲ್ಲ ಅಂದೆ. ಲೋಟ ಕೊಟ್ಟು ಎದ್ದು ಹೋದ್ರಿ."